ಮನಶ್ಶಾಸ್ತ್ರಾಚಾರ್ಯ ವಿಲ್ಹೆಲ್ಮ್ ವುಂಟ್

ಮನಸ್ಸು ಎಂದರೇನು ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಪ್ರಾಚೀನವಾದದ್ದು. ಉಪನಿಷತ್ತುಗಳ ಋಷಿಗಳಿಂದ ಹಿಡಿದು ಗ್ರೀಸ್ ದೇಶದ ಅರಿಸ್ಟಾಟಲನವರೆಗೆ ಅದನ್ನು ವಿಚಾರಿಸದ ತತ್ತ್ವಜ್ಞರಿಲ್ಲ. ಆದರೆ ಮನೋವ್ಯಾಪಾರವನ್ನು ಗಡಿಯಾರ ಹಿಡಿದು ಅಳೆಯಬಹುದು, ಒಬ್ಬನು ಕಂಡುದನ್ನು ಮತ್ತೊಬ್ಬನು ಅದೇ ನಿಯಮಗಳಿಗೆ ಒಳಪಟ್ಟು ಮರಳಿ ಪರೀಕ್ಷಿಸಬಹುದು ಎಂಬ ಭಾವನೆ ತೀರ ಈಚಿನದು. ಜರ್ಮನಿಯ ಮಹಾದಾರ್ಶನಿಕ ಕಾಂಟ್ ೧೭೮೬ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಅಂತಃಕರಣದ ವ್ಯಾಪಾರಗಳಿಗೆ ಗಣಿತವು ಅನ್ವಯಿಸದಾದ್ದರಿಂದ ಮನಶ್ಶಾಸ್ತ್ರವು ಭೌತಶಾಸ್ತ್ರದಂತೆ ನಿಜವಾದ ವಿಜ್ಞಾನವಾಗಲಾರದೆಂದು ತೀರ್ಪು ಕೊಟ್ಟಿದ್ದನು. ಅಂತಹ ಪ್ರಾಜ್ಞನ ತೀರ್ಪನ್ನು ದಾಟಿ ನಡೆಯುವುದು ಸಾಮಾನ್ಯರ ಕೆಲಸವಲ್ಲ. ಒಂದು ಶತಮಾನ ತುಂಬುವುದರೊಳಗೆ ಅದನ್ನು ಕೃತಿಯಿಂದಲೇ ದಾಟಿ ತೋರಿಸಿದವರು ಲೈಪ್ಸಿಗ್ ವಿಶ್ವವಿದ್ಯಾಲಯದ ಆಚಾರ್ಯ ವಿಲ್ಹೆಲ್ಮ್ ವುಂಟ್ ಅವರು. ಇಂದು ಮನಶ್ಶಾಸ್ತ್ರದ ಯಾವ ಪ್ರವೇಶಿಕೆಯನ್ನು ತೆರೆದರೂ ಮೊದಲ ಅಧ್ಯಾಯದಲ್ಲಿ ಅವರ ಹೆಸರೂ ೧೮೭೯ ಎಂಬ ಇಸವಿಯೂ ಕಾಣಿಸುತ್ತವೆ. ಅಷ್ಟು ಹೇಳಿ ಪುಸ್ತಕಗಳು ಮುಂದಕ್ಕೆ ಹೋಗಿಬಿಡುತ್ತವೆ. ಆ ಹೆಸರಿನ ಹಿಂದಿದ್ದ ಬಾಳು ಅಷ್ಟು ಚಿಕ್ಕದಲ್ಲ.

ಜರ್ಮನಿಯ ನೈಋತ್ಯದಲ್ಲಿದ್ದ ಬಾಡೆನ್ ಸಂಸ್ಥಾನದಲ್ಲಿ, ಮಾನ್‌ಹೈಮ್ ಪಟ್ಟಣದ ಪಕ್ಕದ ನೆಕರಾವ್ ಎಂಬ ಹಳ್ಳಿಯಲ್ಲಿ ೧೮೩೨ನೆಯ ಆಗಸ್ಟ್ ೧೬ರಂದು ವಿಲ್ಹೆಲ್ಮ್ ಹುಟ್ಟಿದನು. ತಂದೆ ಮಾಕ್ಸಿಮಿಲಿಯನ್ ವುಂಟ್ ಪ್ರಾಟೆಸ್ಟೆಂಟ್ ಪಂಥದ ಪಾದ್ರಿ. ತಾಯಿ ಮರೀ ಫ್ರೆಡರಿಕೆ, ವೈದ್ಯರೂ ವಿಜ್ಞಾನಿಗಳೂ ಆಗಿಹೋದ ಆರ್ನಾಲ್ಡ್ ಮನೆತನದವಳು. ತಂದೆಯ ಕಡೆಯ ಪೂರ್ವಿಕರಲ್ಲಿಯೂ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರಿದ್ದರು. ನಾಲ್ಕು ಮಕ್ಕಳಲ್ಲಿ ಇಬ್ಬರು ಶೈಶವದಲ್ಲಿಯೇ ತೀರಿಹೋದರು. ಉಳಿದವರು ಅಣ್ಣ ಲೂಡ್ವಿಗ್ ಮತ್ತು ಕಿರಿಯವನಾದ ವಿಲ್ಹೆಲ್ಮ್. ಅಣ್ಣನು ಓದಿಗಾಗಿ ಬಂಧುಗಳ ಮನೆಗೆ ಹೋದ ಮೇಲೆ ಮನೆಯಲ್ಲಿ ಈ ಹುಡುಗನೊಬ್ಬನೇ. ಹೈಡೆಲ್ಸ್‌ಹೈಮ್ ಎಂಬ ಸಣ್ಣ ಊರಿಗೆ ತಂದೆಯ ಸೇವೆ ವರ್ಗವಾಗಿ ಕುಟುಂಬ ಅಲ್ಲಿಗೆ ಬಂದಾಗ ಅವನ ಜೊತೆಗಾರನೆಂದರೆ ಮಾತು ಸರಿಯಾಗಿ ಬಾರದ, ಬುದ್ಧಿ ಬೆಳೆಯದ, ಆದರೆ ಸಾಧುವಾದ ಇನ್ನೊಬ್ಬ ಹುಡುಗ. ವಿಲ್ಹೆಲ್ಮ್‌ನ ಹೊತ್ತೆಲ್ಲ ಹಗಲುಗನಸಿನಲ್ಲಿಯೇ ಕಳೆಯುತ್ತಿತ್ತು. ಶಾಲೆಯಲ್ಲಿಯೂ ಅದೇ ಸ್ಥಿತಿ. ಒಮ್ಮೆ ತಂದೆಯೇ ಪಾಠಶಾಲೆಯನ್ನು ನೋಡಲು ಬಂದವರು, ಮಗನ ಕಣ್ಣು ಎಲ್ಲಿಯೋ ಇರುವುದನ್ನು ಕಂಡು ಕಪಾಳಕ್ಕೆ ಬಿಗಿದರಂತೆ. ಮುಂದೆ ಅವಧಾನವೆಂಬ ಮನೋವ್ಯಾಪಾರವನ್ನು ಜೀವಮಾನವೆಲ್ಲ ಶೋಧಿಸಿದವರ ಬಾಲ್ಯ ಹೀಗಿದ್ದುದು ಸೋಜಿಗವೇ ಸರಿ.

ಈ ಹುಡುಗನನ್ನು ಹಿಡಿದು ನಿಲ್ಲಿಸಿದವರು ತಂದೆಯ ಸಹಾಯಕರಾಗಿದ್ದ ಫ್ರೀಡ್ರಿಶ್ ಮ್ಯೂಲರ್ ಎಂಬ ತರುಣ ಪಾದ್ರಿ. ಅವರು ಅವನನ್ನು ತಮ್ಮ ಕೋಣೆಯಲ್ಲಿಯೇ ಇರಿಸಿಕೊಂಡು ಪಾಠ ಹೇಳಿದರು. ತಾಯಿತಂದೆಯರಿಗಿಂತ ಹೆಚ್ಚಾಗಿ ಹುಡುಗ ಅವರನ್ನು ಹಚ್ಚಿಕೊಂಡನು. ಮ್ಯೂಲರ್ ಸಮೀಪದ ಮ್ಯುಂಟ್ಸೆಸ್‌ಹೈಮ್‌ಗೆ ಸ್ವತಂತ್ರ ಪಾದ್ರಿಯಾಗಿ ಹೊರಟಾಗ ವಿಲ್ಹೆಲ್ಮ್ ಕಣ್ಣೀರು ನಿಲ್ಲಿಸಲಿಲ್ಲ. ಕಡೆಗೆ ತಾಯಿತಂದೆಯರು ಅವನನ್ನೂ ಗುರುವಿನ ಹಿಂದೆಯೇ ಕಳುಹಿಸಿದರು. ಗುರುಕುಲವಾಸವೆಂದರೆ ಇದಲ್ಲದೆ ಮತ್ತೇನು? ಆದರೆ ಒಬ್ಬನೇ ಗುರುವಿನ ಬಳಿ ಒಬ್ಬನೇ ಕುಳಿತು ಕಲಿತವನಿಗೆ ತರಗತಿಯ ರೀತಿ ಒಗ್ಗಲಿಲ್ಲ. ಹದಿಮೂರರ ಹೊತ್ತಿಗೆ ಬ್ರುಕ್ಸಾಲ್ ಪಟ್ಟಣದ ಪ್ರೌಢಶಾಲೆಗೆ ಸೇರಿಸಲಾಗಿ, ಮೊದಲ ವರ್ಷದಲ್ಲಿಯೇ ನಪಾಸಾದನು. ಅಲ್ಲಿಯ ಉಪಾಧ್ಯಾಯರೊಬ್ಬರು ಅವನಿಗೆ ವಿದ್ಯಾವಂತರ ವೃತ್ತಿಗಳು ಹೇಳಿಸಿದುವಲ್ಲವೆಂದೂ, ಅಂಚೆ ಇಲಾಖೆಯ ನೌಕರಿಯಾದರೆ ಸಾಧ್ಯವಾದೀತೆಂದೂ ಅಭಿಪ್ರಾಯಪಟ್ಟರು. ಅಂಚೆಯ ಕೆಲಸ ಕೀಳಲ್ಲ, ಅದು ನಂಬಿಕೆಯ ಕೆಲಸ. ಆದರೆ ಒಂದು ವರ್ಷದ ಅಂಕಗಳನ್ನು ಕಂಡು ಮಗುವಿನ ಮುಂದಿನ ಐವತ್ತು ವರ್ಷವನ್ನು ನುಡಿದುಬಿಡುವ ಆತುರ ಉಪಾಧ್ಯಾಯರಿಗೆ ಸಲ್ಲದು.

ಮರುವರ್ಷ ಅವನನ್ನು ಹೈಡೆಲ್‌ಬರ್ಗಿನ ಶಾಲೆಗೆ ಕಳುಹಿಸಿದರು. ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅಣ್ಣನೂ ಇದ್ದನು. ಗೆಳೆಯರು ದೊರೆತರು, ಓದಿನ ರುಚಿ ಹತ್ತಿತು. ಹಗಲುಗನಸುಗಳು ಕ್ರಮೇಣ ವಶಕ್ಕೆ ಬಂದವು. ತಂದೆ ಅಷ್ಟರಲ್ಲಿ ಗತಿಸಿದ್ದರು, ತಾಯಿಯ ವರಮಾನ ಅತ್ಯಲ್ಪ. ೧೮೫೧ರಲ್ಲಿ ಶಾಲೆಯ ಓದು ಮುಗಿದಾಗ ವಿದ್ಯಾರ್ಥಿವೇತನ ದೊರೆಯುವಷ್ಟು ಅಂಕಗಳೂ ಇರಲಿಲ್ಲ. ಸೋದರಮಾವ ಫಿಲಿಪ್ ಆರ್ನಾಲ್ಡರು ಟ್ಯೂಬಿಂಗೆನ್ನಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದರಿಂದ ಒಂದು ವರ್ಷ ಅಲ್ಲಿ ವೈದ್ಯ ಓದಿ, ಮರುವರ್ಷ ಹೈಡೆಲ್‌ಬರ್ಗಿಗೆ ಮರಳಿದನು. ಇಲ್ಲಿಂದ ಮುಂದೆ ಕಾಣುವುದು ಬೇರೆಯೇ ಮನುಷ್ಯ. ರಸಾಯನಶಾಸ್ತ್ರಜ್ಞ ಬುನ್ಸೆನ್ನರ ಪಾಠಗಳಿಂದ ಪ್ರೇರಿತನಾಗಿ, ಆಹಾರದಲ್ಲಿ ಉಪ್ಪನ್ನು ಬಿಟ್ಟರೆ ದೇಹದಲ್ಲಿ ಏನಾಗುವುದೆಂಬುದನ್ನು ತನ್ನ ಮೇಲೆಯೇ ಪರೀಕ್ಷಿಸಿ ನೋಡಿದನು. ಮೂತ್ರದಲ್ಲಿಯ ಲವಣಾಂಶವನ್ನು ಕುರಿತ ಆ ಬರಹ ೧೮೫೩ರಲ್ಲಿ ಅಚ್ಚಾಯಿತು. ಸರಕಾರದ ವೈದ್ಯಪರೀಕ್ಷೆಯಲ್ಲಿ ಪ್ರಥಮಸ್ಥಾನ ಬಂದಿತು. ೧೮೫೬ರಲ್ಲಿ ಉತ್ತಮೋತ್ತಮ ಶ್ರೇಣಿಯ ಡಾಕ್ಟರ್ ಪದವಿಯೂ ಲಭಿಸಿತು. ನಪಾಸಾದ ಹುಡುಗ ಡಾಕ್ಟರ್ ವುಂಟರಾದರು.

ರೋಗಿಗಳ ಶುಶ್ರೂಷೆಗಿಂತ ದೇಹಧರ್ಮಗಳ ಶೋಧನೆಯೇ ಅವರಿಗೆ ಪ್ರಿಯವಾಗಿತ್ತು. ಬರ್ಲಿನ್ನಿಗೆ ಹೋಗಿ ಯೊಹಾನೆಸ್ ಮ್ಯೂಲರ್ ಮತ್ತು ಡ್ಯು ಬುವಾ-ರೇಮೊಂಡ್ ಎಂಬ ಶರೀರಕ್ರಿಯಾಶಾಸ್ತ್ರಜ್ಞರ ಬಳಿ ಕೆಲವು ಕಾಲ ಕಲಿತು, ೧೮೫೭ರಲ್ಲಿ ಹೈಡೆಲ್‌ಬರ್ಗಿನಲ್ಲಿ ಉಪನ್ಯಾಸಕರಾದರು. ಮೊದಲ ಪಾಠಕ್ಕೆ ಬಂದವರು ನಾಲ್ವರು ವಿದ್ಯಾರ್ಥಿಗಳು. ಅದೇ ಸಮಯಕ್ಕೆ ಬಾಯಲ್ಲಿ ರಕ್ತ ಕಾಣಿಸಿ, ವೈದ್ಯರು ಕೈಚೆಲ್ಲುವ ಹಾಗಾಯಿತು. ಸಾವಿನ ಹೊಸ್ತಿಲವರೆಗೆ ಹೋಗಿ, ಆಲ್ಪ್ಸ್ ಪರ್ವತದ ಗಾಳಿಯಲ್ಲಿ ಚೇತರಿಸಿಕೊಂಡು ಹಿಂದಿರುಗಿದರು. ಅಂದು ಉಳಿಯಲಾರರೆಂದು ವೈದ್ಯರು ಭಾವಿಸಿದ್ದ ಆ ಶರೀರ ಎಂಬತ್ತೆಂಟು ವರ್ಷ ಬಾಳಿತು.

೧೮೫೮ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾವಿಜ್ಞಾನಿ ಹೈಡೆಲ್‌ಬರ್ಗಿಗೆ ಬಂದರು. ನರಗಳಲ್ಲಿ ಸಂದೇಶವು ಹರಿಯಲು ಕಾಲ ಬೇಕಾಗುತ್ತದೆಂದು ಕಪ್ಪೆಯ ನರದಲ್ಲಿ ಅಳೆದು ತೋರಿಸಿದವರು ಇವರೇ. ವುಂಟರು ಅವರಿಗೆ ಸಹಾಯಕರಾಗಿ ನಿಂತರು. ವೈದ್ಯವಿದ್ಯಾರ್ಥಿಗಳಿಗೆ ಸ್ನಾಯುಗಳ ಸೆಳೆತವನ್ನು ಮತ್ತೆ ಮತ್ತೆ ತೋರಿಸುವ ಆ ಕೆಲಸ ನೀರಸವಾಗಿತ್ತು. ಆದರೆ ನರದ ವೇಗವನ್ನು ಅಳೆಯಬಹುದಾದರೆ ಆಲೋಚನೆಯ ವೇಗವನ್ನೇಕೆ ಅಳೆಯಬಾರದು ಎಂಬ ಪ್ರಶ್ನೆಗೆ ಆ ಸಾನ್ನಿಧ್ಯ ಅನುಕೂಲವಾದ ನೆಲವಾಯಿತು.

ಈ ಪ್ರಶ್ನೆಯ ಹಿಂದೆ ಖಗೋಳಶಾಸ್ತ್ರದ ಒಂದು ಕಥೆಯಿದೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ೧೭೯೬ರಲ್ಲಿ ರಾಜಜ್ಯೋತಿಷಿ ಮಾಸ್ಕೆಲೈನರು ತಮ್ಮ ಸಹಾಯಕ ಕಿನೆಬ್ರೂಕ್ ಎಂಬಾತನನ್ನು ಕೆಲಸದಿಂದ ತೆಗೆದುಹಾಕಿದರು. ಗಡಿಯಾರದ ಸದ್ದನ್ನು ಕಿವಿಯಲ್ಲಿ ಎಣಿಸುತ್ತ, ದೂರದರ್ಶಕದ ತಂತಿಯನ್ನು ನಕ್ಷತ್ರವು ದಾಟುವುದನ್ನು ಕಣ್ಣಿನಲ್ಲಿ ನೋಡುತ್ತ ಕಾಲವನ್ನು ಗುರುತಿಸುವುದು ಆಗಿನ ಪದ್ಧತಿ. ಸಹಾಯಕನ ಎಣಿಕೆ ಯಜಮಾನರ ಎಣಿಕೆಗಿಂತ ಸೆಕೆಂಡಿನ ಹತ್ತನೆಯ ಎಂಟು ಭಾಗದಷ್ಟು ತಡವಾಗಿ ಬರುತ್ತಿತ್ತು. ಅವನ ಅಲಕ್ಷ್ಯವೇ ಕಾರಣವೆಂದು ಅವರು ನಿಶ್ಚಯಿಸಿದರು. ಎರಡು ದಶಕಗಳಿಗೂ ಮೀರಿ ಕಳೆದ ಮೇಲೆ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞರು ತಮ್ಮ ವೀಕ್ಷಣೆಗಳನ್ನು ಇತರರವುಗಳೊಡನೆ ಹೋಲಿಸಿ, ಅಂತಹ ಅಂತರವು ಎಲ್ಲರಲ್ಲಿಯೂ ಇರುವುದೆಂದೂ ಅದು ಮನುಷ್ಯನಿಂದ ಮನುಷ್ಯನಿಗೆ ಬೇರೆಯಾಗುವುದೆಂದೂ ತೋರಿಸಿದರು. ಕಿನೆಬ್ರೂಕನ ದೋಷವೆನಿಸಿದ್ದು ಮಾನವಮನಸ್ಸಿನ ಧರ್ಮವೇ ಆಗಿತ್ತು.

೧೮೬೧ರಲ್ಲಿ ವುಂಟರು ಮನೆಯ ಲೋಲಕದ ಗಡಿಯಾರವೊಂದನ್ನು ಇದೇ ಪ್ರಶ್ನೆಗೆ ಹೂಡಿದರು. ಲೋಲಕವು ಅಂಕಪಟ್ಟಿಯ ಮುಂದೆ ತೂಗುತ್ತ, ಗೊತ್ತಾದ ಒಂದು ಸ್ಥಾನಕ್ಕೆ ಬಂದಾಗ ಗಂಟೆ ಬಡಿಯುವಂತೆ ಕಟ್ಟಿದರು. ಗಂಟೆ ಕೇಳಿದ ಕ್ಷಣದಲ್ಲಿ ಲೋಲಕ ಎಲ್ಲಿತ್ತು ಎಂದು ನೋಡಿ ಹೇಳಬೇಕು. ನೋಡಿದವರೂ ಅವರೇ. ಎಷ್ಟು ಎಚ್ಚರದಿಂದ ನೋಡಿದರೂ ಕಣ್ಣು ಹೇಳಿದ ಸ್ಥಾನಕ್ಕೂ ಲೋಲಕವಿದ್ದ ನಿಜಸ್ಥಾನಕ್ಕೂ ಅಂತರ ಉಳಿಯಿತು. ಶಬ್ದವನ್ನೂ ದೃಶ್ಯವನ್ನೂ ಮನಸ್ಸು ಒಟ್ಟಿಗೆ ಗ್ರಹಿಸಲಾರದು, ಒಂದರಿಂದ ಮತ್ತೊಂದಕ್ಕೆ ಸರಿಯಲು ಸುಮಾರು ಸೆಕೆಂಡಿನ ಎಂಟನೆಯ ಒಂದು ಭಾಗ ಬೇಕು ಎಂದು ಅವರು ಗಣಿಸಿದರು.

ನಮ್ಮ ನ್ಯಾಯಶಾಸ್ತ್ರವನ್ನು ಬಲ್ಲ ವಾಚಕರಿಗೆ ಇಲ್ಲಿ ಒಂದು ನೆನಪು ಬರದಿರದು. ಮನಸ್ಸು ಅಣುಪರಿಮಾಣದ್ದಾದ್ದರಿಂದ ಒಂದೇ ಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವೆಂಬುದು ನೈಯಾಯಿಕರ ಸಿದ್ಧಾಂತ. ಉದ್ದನೆಯ ಚಕ್ಕುಲಿಯನ್ನು ತಿನ್ನುವಾಗ ರೂಪ, ಗಂಧ, ರಸ, ಸ್ಪರ್ಶ, ಶಬ್ದಗಳೈದೂ ಒಟ್ಟಿಗೆ ತಿಳಿಯುವುವಲ್ಲ ಎಂಬ ಪೂರ್ವಪಕ್ಷವನ್ನು ಎತ್ತಿಕೊಂಡು, ನೂರು ಕಮಲದೆಸಳುಗಳನ್ನು ಸೂಜಿಯಿಂದ ಚುಚ್ಚಿದಾಗ ಒಂದಾದ ಮೇಲೊಂದು ಚುಚ್ಚಲ್ಪಟ್ಟರೂ ಒಮ್ಮೆಲೆಂಬಂತೆ ತೋರುವ ಹಾಗೆ ಇದೂ ಶೀಘ್ರತೆಯಿಂದಾದ ಭ್ರಮೆಯೆಂದು ಅವರು ಸಮಾಧಾನ ಹೇಳಿದ್ದಾರೆ. ಇದರಿಂದ ವುಂಟರ ಶೋಧನೆಯೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದು ವಿವೇಕವಲ್ಲ. ಆಚಾರ್ಯರು ಯುಕ್ತಿಯಿಂದ ಸಾಧಿಸಿದರು. ಇವರು ಆ ಶೀಘ್ರತೆ ಎಷ್ಟೆಂದು ಅಳೆಯಲು ಹೊರಟರು. ಆ ಎಷ್ಟು ಎಂಬ ಪ್ರಶ್ನೆಯಲ್ಲಿಯೇ ಹೊಸ ಶಾಸ್ತ್ರ ಹುಟ್ಟಿತು.

ಮುಂದಿನ ಹನ್ನೆರಡು ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಇಂದ್ರಿಯಗ್ರಹಣವನ್ನು ಕುರಿತ ಗ್ರಂಥ ೧೮೬೨ರಲ್ಲಿಯೂ ಮಾನವ ಮತ್ತು ಪ್ರಾಣಿಗಳ ಮನಸ್ಸನ್ನು ಕುರಿತ ಉಪನ್ಯಾಸಗಳು ೧೮೬೩ರಲ್ಲಿಯೂ ಹೊರಬಂದವು. ಕಾರ್ಮಿಕರ ಶಿಕ್ಷಣಸಂಘಗಳಲ್ಲಿ ದುಡಿದರು. ಕೆಲವು ವರ್ಷ ಬಾಡೆನ್ ಸಂಸ್ಥಾನದ ಶಾಸನಸಭೆಯ ಸದಸ್ಯರೂ ಆಗಿದ್ದು ಅದನ್ನು ತಾವಾಗಿಯೇ ಬಿಟ್ಟರು. ೧೮೭೧ರಲ್ಲಿ ಹೆಲ್ಮ್‌ಹೋಲ್ಟ್ಸ್ ಬರ್ಲಿನ್ನಿಗೆ ಹೋದಾಗ ತೆರವಾದ ಪೀಠ ಅವರಿಗೆ ಸಿಕ್ಕಲಿಲ್ಲ. ೧೮೭೨ರಲ್ಲಿ ಸೋಫೀ ಮಾವ್ ಎಂಬ ವಿದುಷಿಯನ್ನು ವಿವಾಹವಾದರು. ೧೮೭೩-೭೪ರಲ್ಲಿ ಪ್ರಕಟವಾದ ಶಾರೀರಿಕ ಮನಶ್ಶಾಸ್ತ್ರದ ಮೂಲತತ್ತ್ವಗಳು ಎಂಬರ್ಥದ ಮಹಾಗ್ರಂಥ ಅವರ ಹೆಸರನ್ನು ಯೂರೋಪಿನಲ್ಲೆಲ್ಲ ಹರಡಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ವರ್ಷವಿದ್ದು, ೧೮೭೫ರಲ್ಲಿ ಲೈಪ್ಸಿಗ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಪೀಠವನ್ನು ಏರಿದರು. ಅಂದಿನಿಂದ ಅದೇ ಅವರ ಊರು.

ಲೈಪ್ಸಿಗ್ ಸಾಮಾನ್ಯವಾದ ಸ್ಥಳವಲ್ಲ. ದಾರ್ಶನಿಕ ಲೈಬ್ನಿಟ್ಸ್ ಹುಟ್ಟಿದ ಊರು ಅದು. ಸ್ಪರ್ಶ ಮತ್ತು ಭಾರಗಳ ತಾರತಮ್ಯವನ್ನು ಅಳೆದ ವೇಬರ್, ಬಾಹ್ಯಪ್ರಚೋದನೆಗೂ ಅಂತರನುಭವಕ್ಕೂ ಗಣಿತಸಂಬಂಧವನ್ನು ೧೮೬೦ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ ಫೆಕ್ನರ್ ಇಬ್ಬರೂ ವುಂಟರು ಬಂದಾಗ ವೃದ್ಧಾಪ್ಯದಲ್ಲಿ ಅಲ್ಲಿಯೇ ಇದ್ದರು. ಜೊತೆಯಲ್ಲಿ ತಂದ ಉಪಕರಣಗಳನ್ನು ಇರಿಸಲು ವಿದ್ಯಾರ್ಥಿಗಳ ಭೋಜನಶಾಲೆಯಿದ್ದ ಹಳೆಯ ಕಟ್ಟಡದಲ್ಲಿ ಒಂದು ಕೋಣೆಯನ್ನು ವಿಶ್ವವಿದ್ಯಾಲಯ ಕೊಟ್ಟಿತು. ಸರಕಾರದಿಂದ ಧನಸಹಾಯ ಕೇಳಿದರೆ ದೊರೆಯಲಿಲ್ಲ. ೧೮೭೯ರ ಚಳಿಗಾಲದಲ್ಲಿ ಅದೇ ಕೋಣೆಯಲ್ಲಿ ಮಾಕ್ಸ್ ಫ್ರೀಡ್ರಿಶ್ ಎಂಬ ವಿದ್ಯಾರ್ಥಿ ತನ್ನ ಡಾಕ್ಟರ್ ಪದವಿಯ ಪ್ರಯೋಗಗಳನ್ನು ಆರಂಭಿಸಿದನು. ಲೋಕವು ಪ್ರಾಯೋಗಿಕ ಮನಶ್ಶಾಸ್ತ್ರದ ಜನ್ಮದಿನವೆಂದು ಕರೆಯುವುದು ಈ ಘಟನೆಯನ್ನು. ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ವಿಲಿಯಂ ಜೇಮ್ಸರು ೧೮೭೫ರಲ್ಲಿಯೇ ಪಾಠಕ್ಕೆ ಪೂರಕವಾಗಿ ಅಂತಹ ಕೋಣೆಯೊಂದನ್ನು ಇರಿಸಿಕೊಂಡಿದ್ದರೆಂಬ ವಾದ ಉಂಟು, ಅದು ನಿಜವೂ ಹೌದು. ಆದರೆ ಶಿಷ್ಯರು ಬಂದು ನಿಂತು ಸ್ವತಂತ್ರ ಸಂಶೋಧನೆ ನಡೆಸಿ, ಪ್ರಕಟಿಸಿ, ಆ ವಿದ್ಯೆಯನ್ನು ತಮ್ಮ ನಾಡಿಗೆ ಕೊಂಡೊಯ್ದ ಪೀಠ ಲೈಪ್ಸಿಗ್ಗಿನದೇ. ೧೮೮೩ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯವು ವುಂಟರನ್ನು ಕರೆಯಲಾಗಿ, ಅವರನ್ನು ಕಳೆದುಕೊಳ್ಳುವ ಭಯದಿಂದ ಲೈಪ್ಸಿಗ್ಗಿನವರು ಪ್ರಯೋಗಶಾಲೆಗೆ ಅಧಿಕೃತ ಸ್ಥಾನವನ್ನೂ ಹೆಚ್ಚಿನ ಕೋಣೆಗಳನ್ನೂ ಕೊಟ್ಟರು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಬ್ಬನು ಮೇಜಿನ ಮುಂದೆ ತಾರಿನ ಕೀಲಿಯ ಮೇಲೆ ಬೆರಳಿಟ್ಟು ಕುಳಿತಿರುತ್ತಾನೆ. ಬೆಳಕು ಕಂಡೊಡನೆ ಬೆರಳನ್ನು ಎತ್ತಬೇಕು. ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ತೋರಿಸುವ ಹಿಪ್ ಎಂಬಾತನ ಕಾಲಮಾಪಕ ಯಂತ್ರವು ನಡುವಣ ಕಾಲವನ್ನು ಗುರುತಿಸುತ್ತದೆ. ಮತ್ತೆ ಬೇರೆ ಬೇರೆ ಬಣ್ಣದ ಬೆಳಕುಗಳನ್ನು ತೋರಿಸಿ, ಯಾವ ಬಣ್ಣವೆಂದು ಗುರುತಿಸಿದ ಮೇಲೆಯೇ ಬೆರಳೆತ್ತಬೇಕೆಂದು ವಿಧಿಸುತ್ತಾರೆ. ಎರಡನೆಯ ಕಾಲದಿಂದ ಮೊದಲನೆಯದನ್ನು ಕಳೆದರೆ ಗುರುತಿಸುವ ಮನೋವ್ಯಾಪಾರಕ್ಕೆ ಹಿಡಿದ ಕಾಲ ದೊರೆಯಬೇಕು. ಹಾಲೆಂಡಿನ ಡಾಂಡರ್ಸ್ ೧೮೬೮ರಲ್ಲಿ ಸೂಚಿಸಿದ ವ್ಯವಕಲನ ಪದ್ಧತಿ ಇದು. ಮುಂದೆ ಈ ಲೆಕ್ಕ ಅಷ್ಟು ಸರಳವಲ್ಲವೆಂದು ತಿಳಿದುಬಂದಿತು. ಕೆಲಸ ಬದಲಾದರೆ ಮನಸ್ಸಿನ ಸಿದ್ಧತೆಯೇ ಬದಲಾಗುತ್ತದೆ, ಒಂದರ ಮೇಲೊಂದು ಇಟ್ಟಿಗೆಯಂತೆ ವ್ಯಾಪಾರಗಳು ಕೂಡಿಕೊಳ್ಳುವುದಿಲ್ಲ. ಆದರೂ ಪ್ರತಿಕ್ರಿಯಾಕಾಲವೆಂಬ ಅಳತೆಗೋಲು ಮನಶ್ಶಾಸ್ತ್ರದಲ್ಲಿ ಸ್ಥಿರವಾಗಿ ನಿಂತಿತು. ತಾಳಯಂತ್ರದ ಟಿಕ್ ಟಿಕ್ ಸದ್ದನ್ನು ಕೇಳುತ್ತ, ಮುಂದಿನ ಸದ್ದಿಗೆ ಕಾಯುವಾಗಿನ ಬಿಗುವನ್ನೂ ಅದು ಕೇಳಿದಾಗಿನ ಸಡಿಲಿಕೆಯನ್ನೂ ಗಮನಿಸಿ, ಭಾವನೆಗಳಿಗೆ ಸುಖ-ದುಃಖವೆಂಬ ಒಂದೇ ದಿಕ್ಕಲ್ಲದೆ ಉದ್ವೇಗ-ಶಾಂತಿ, ಬಿಗುವು-ಸಡಿಲಿಕೆ ಎಂಬ ಇನ್ನೆರಡು ದಿಕ್ಕುಗಳೂ ಇವೆಯೆಂದು ವುಂಟರು ಪ್ರತಿಪಾದಿಸಿದ್ದು ಇಂತಹ ಅಭ್ಯಾಸದಿಂದಲೇ.

ಅಂತರವಲೋಕನವೆಂದರೆ ಕಣ್ಣು ಮುಚ್ಚಿ ಕುಳಿತು ತೋಚಿದ್ದನ್ನು ಹೇಳುವುದೆಂದು ಅನೇಕರು ತಿಳಿಯುತ್ತಾರೆ. ವುಂಟರಿಗೆ ಅದು ಸಮ್ಮತವಲ್ಲ. ನೋಡುವವನಿಗೆ ವ್ಯಾಪಾರವು ಯಾವ ಕ್ಷಣದಲ್ಲಿ ಮೊದಲಾಗುವುದೆಂದು ಗೊತ್ತಿರಬೇಕು. ಅವನು ಪೂರ್ಣಾವಧಾನದಲ್ಲಿರಬೇಕು. ಅದೇ ಅನುಭವವನ್ನು ಅನೇಕ ಸಲ ಮರಳಿ ಉಂಟುಮಾಡಲು ಬರಬೇಕು. ಪ್ರಚೋದನೆಯನ್ನು ಹೆಚ್ಚಿಸಿ, ತಗ್ಗಿಸಿ, ತೆಗೆದು ನೋಡಲು ಅವಕಾಶವಿರಬೇಕು. ಈ ನಿಯಮಗಳಿಗೆ ಒಳಪಡದ ಆತ್ಮಕಥನಕ್ಕೆ ಅವರ ಶಾಲೆಯಲ್ಲಿ ಬೆಲೆಯಿರಲಿಲ್ಲ. ಇನ್ನೊಂದು ವಿಶೇಷವೆಂದರೆ ಇಂದು ಪ್ರಯೋಗ ಮಾಡಿದವನು ನಾಳೆ ಪ್ರಯೋಗಕ್ಕೆ ಒಳಗಾಗುತ್ತಿದ್ದನು. ಫ್ರೀಡ್ರಿಶ್‌ನ ಪ್ರಯೋಗದಲ್ಲಿ ಕೀಲಿಯ ಮೇಲೆ ಬೆರಳಿಟ್ಟು ಕುಳಿತವರಲ್ಲಿ ಸ್ವತಃ ಆಚಾರ್ಯ ವುಂಟರೂ ಅಮೆರಿಕದಿಂದ ಬಂದಿದ್ದ ಸ್ಟ್ಯಾನ್ಲಿ ಹಾಲರೂ ಇದ್ದರು. ವಿದ್ಯಾರ್ಥಿಯು ಕಾಲವನ್ನು ಅಳೆಯುವುದು, ಗುರುವು ಅಳತೆಗೆ ಒಳಗಾಗುವುದು ಆ ಕಾಲದ ಜರ್ಮನಿಯಲ್ಲಿ ಸಣ್ಣ ಮಾತಲ್ಲ.

ಅದೇ ೧೮೭೯ರಲ್ಲಿ ವುಂಟರಿಗೆ ಒಂದು ಕಠಿಣವಾದ ಪರೀಕ್ಷೆ ಎದುರಾಯಿತು. ಪ್ರೇತಾತ್ಮಗಳನ್ನು ಆವಾಹಿಸುವೆನೆನ್ನುವ ಹೆನ್ರಿ ಸ್ಲೇಡ್ ಎಂಬ ಅಮೆರಿಕನ್ನನು ೧೮೭೭ರಲ್ಲಿ ಲೈಪ್ಸಿಗ್ಗಿಗೆ ಬಂದಿದ್ದನು. ಮುಚ್ಚಿಟ್ಟ ಹಲಗೆಯ ಮೇಲೆ ಬರಹ ಮೂಡುವುದು, ದಾರದಲ್ಲಿ ತಾನಾಗಿಯೇ ಗಂಟು ಬೀಳುವುದು ಮುಂತಾದ ಚಮತ್ಕಾರಗಳನ್ನು ತೋರಿಸಿದನು. ಖಗೋಳಭೌತಶಾಸ್ತ್ರಜ್ಞ ಜ್ಯೋಲ್ನರ್ ಅವನನ್ನು ಪೂರ್ಣವಾಗಿ ನಂಬಿದರು. ವೃದ್ಧ ಫೆಕ್ನರ್ ಸಹ ಆ ಗೋಷ್ಠಿಗಳಲ್ಲಿ ಕುಳಿತರು. ವುಂಟರನ್ನು ಲೈಪ್ಸಿಗ್ಗಿಗೆ ಕರೆತರುವುದರಲ್ಲಿ ಜ್ಯೋಲ್ನರರ ಬೆಂಬಲವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಒಂದು ಗೋಷ್ಠಿಗೆ ಹೋಗಿದ್ದ ವುಂಟರು, ದಾಕ್ಷಿಣ್ಯವನ್ನು ಬದಿಗಿಟ್ಟು ಬಹಿರಂಗಪತ್ರವೊಂದನ್ನು ಪ್ರಕಟಿಸಿ ಪ್ರೇತವಾದವನ್ನು ಖಂಡಿಸಿದರು. ಎಲ್ಲಿ ಕುಳಿತುಕೊಳ್ಳಬೇಕು, ಕೈ ಎಲ್ಲಿಡಬೇಕು, ಏನನ್ನು ನೋಡಬೇಕು ಎಂಬುದನ್ನೆಲ್ಲ ಚಮತ್ಕಾರ ಮಾಡುವವನೇ ಗೊತ್ತುಮಾಡಿದರೆ ಅದು ವೀಕ್ಷಣೆಯಾಗುವುದಿಲ್ಲ. ಪ್ರಕೃತಿಯನ್ನು ಪರೀಕ್ಷಿಸುವ ವಿಜ್ಞಾನಿಗೆ ಮೋಸವನ್ನು ಕಂಡುಹಿಡಿಯುವ ಅಭ್ಯಾಸವಿರುವುದಿಲ್ಲವಾದ್ದರಿಂದ ಅವನ ಕೀರ್ತಿ ಇಲ್ಲಿ ಪ್ರಮಾಣವೂ ಆಗದು. ಇದು ಅವರ ವಾದದ ಸಾರ. ಜ್ಯೋಲ್ನರ್ ಕಡುವೈರಿಯಾದರು. ಮನಶ್ಶಾಸ್ತ್ರವು ಆಗತಾನೇ ಕಣ್ತೆರೆಯುತ್ತಿದ್ದ ಕಾಲ. ಆಗ ವುಂಟರು ಮೌನವಾಗಿದ್ದರೆ ಹೊಸ ಶಾಸ್ತ್ರವೂ ಪ್ರೇತಗೋಷ್ಠಿಯೂ ಒಂದೇ ಎಂದು ಜನ ತಿಳಿಯುವ ಅಪಾಯವಿತ್ತು. ಮುಂದೆ ೧೮೮೧ರಲ್ಲಿ ಅವರು ಪತ್ರಿಕೆ ಹೊರಡಿಸಿದಾಗ ಮನೋವಿಷಯಕವಾದ ಹೆಸರು ಪ್ರೇತವಾದಿಗಳ ಪತ್ರಿಕೆಯೊಂದಕ್ಕೆ ಆಗಲೇ ಸಂದಿದ್ದುದರಿಂದ, ತತ್ತ್ವಶಾಸ್ತ್ರೀಯ ಅಧ್ಯಯನಗಳು ಎಂಬರ್ಥದ ಹೆಸರನ್ನು ಇಡಬೇಕಾಯಿತು.

ಶಿಷ್ಯಕೋಟಿ ದೊಡ್ಡದು. ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಡಾಕ್ಟರ್ ಪ್ರಬಂಧಗಳು ೧೮೬ ಎಂದು ಎಣಿಸಿದ್ದಾರೆ. ವರ್ಷಾರಂಭದಲ್ಲಿ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿದ್ದ ಪಟ್ಟಿಯಿಂದ ಒಬ್ಬೊಬ್ಬರಿಗೆ ಒಂದೊಂದು ವಿಷಯವನ್ನು ಹಂಚಿಬಿಡುತ್ತಿದ್ದರು. ಅಮೆರಿಕದ ಕ್ಯಾಟೆಲ್ ಎಂಬ ಯುವಕ ಮಾತ್ರ ತಾನೇ ಮುಂದೆ ಬಂದು, ಆಚಾರ್ಯರಿಗೆ ಒಬ್ಬ ಸಹಾಯಕ ಬೇಕು, ಅವನು ತಾನೇ ಎಂದು ನಿಶ್ಚಯಿಸಿಕೊಂಡನು. ವ್ಯಕ್ತಿವ್ಯಕ್ತಿಗಿರುವ ಭೇದಗಳನ್ನು ಅಳೆಯಬೇಕೆಂಬುದು ಅವನ ಹಟ. ವುಂಟರಿಗೆ ಎಲ್ಲರಲ್ಲಿಯೂ ಸಮಾನವಾದ ನಿಯಮಗಳೇ ಮುಖ್ಯ. ಆದರೂ ಅವನನ್ನು ತಡೆಯಲಿಲ್ಲ. ಮನೋರೋಗಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಕ್ರೆಪೆಲಿನ್, ಶಿಕ್ಷಣದಲ್ಲಿ ಪ್ರಯೋಗಪದ್ಧತಿಯನ್ನು ತಂದ ಮಾಯ್ಮನ್, ೧೮೯೬ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಲಿಕೆಯ ತೊಡಕುಳ್ಳ ಮಕ್ಕಳಿಗಾಗಿ ಮೊತ್ತಮೊದಲ ಮನೋವೈದ್ಯಶಾಲೆಯನ್ನು ತೆರೆದ ವಿಟ್ಮರ್ ಎಲ್ಲರೂ ಲೈಪ್ಸಿಗ್ಗಿನಲ್ಲಿ ಕಲಿತವರೇ. ವಿಟ್ಮರರ ಬಳಿಗೆ ಮೊದಲು ಬಂದದ್ದು ಕಾಗುಣಿತ ಹತ್ತದ ಹುಡುಗ. ಬ್ರುಕ್ಸಾಲಿನ ನಪಾಸಾದ ಬಾಲಕನ ಪ್ರಶಿಷ್ಯಪರಂಪರೆಗೆ ಸೇರಬೇಕಾದವನೇ ಅವನು!

ಈ ಪರಂಪರೆಯ ಒಂದು ಎಳೆ ನಮ್ಮ ನಾಡಿಗೂ ಬಂದಿದೆ. ಚಾರ್ಲ್ಸ್ ಸ್ಪಿಯರ್ಮನ್ ಇಂಗ್ಲೆಂಡಿನ ಸೇನಾಧಿಕಾರಿಯಾಗಿದ್ದವರು. ಮೂವತ್ತು ದಾಟಿದ ಮೇಲೆ ಆ ವೃತ್ತಿಯನ್ನು ಬಿಟ್ಟು ೧೮೯೭ರಲ್ಲಿ ವುಂಟರ ಬಳಿಗೆ ಬಂದರು. ನಡುವೆ ಯುದ್ಧಸೇವೆಗೆ ಹೋಗಿ ಮರಳಿ ೧೯೦೬ರಲ್ಲಿ ಡಾಕ್ಟರ್ ಪದವಿ ಪಡೆದರು. ಮುಂದೆ ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗಳಿಗೆ ಗಣಿತದ ಅಡಿಪಾಯ ಹಾಕಿದ ಅವರ ಬಳಿ ಕಲಿತು ಬಂದವರು ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿ. ಇವರಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗವೂ ಪ್ರಯೋಗಶಾಲೆಯೂ ಆರಂಭವಾದವು. ಆಗಿನ ಉಪಕುಲಪತಿಗಳು ಬ್ರಜೇಂದ್ರನಾಥ ಸೀಲರು. ಕಲಕತ್ತೆಯಲ್ಲಿ ಈ ಶಾಸ್ತ್ರದ ಮೊದಲ ಪಠ್ಯಕ್ರಮವನ್ನು ರಚಿಸಿದವರೂ ಅವರೇ. ಕಲಕತ್ತೆಯ ಪ್ರಯೋಗಶಾಲೆಯನ್ನು ನಡೆಸಿದ ನರೇಂದ್ರನಾಥ ಸೇನ್‌ಗುಪ್ತರು ಹಾರ್ವರ್ಡಿನಲ್ಲಿ ಕಲಿತದ್ದು ವುಂಟರ ಇನ್ನೊಬ್ಬ ಶಿಷ್ಯ ಮ್ಯುನ್‌ಸ್ಟರ್ಬರ್ಗರಲ್ಲಿ. ಮೈಸೂರಿನಲ್ಲಿ ಮೊದಲ ಬಾನುಲಿ ಕೇಂದ್ರವನ್ನು ೧೯೩೫ರಲ್ಲಿ ತಮ್ಮ ಸ್ವಂತ ಉತ್ಸಾಹದಿಂದ ಹೂಡಿದ ಮಹನೀಯರೆಂದು ಗೋಪಾಲಸ್ವಾಮಿಯವರನ್ನು ಕನ್ನಡಿಗರು ಬಲ್ಲರು. ಅವರ ವಿದ್ಯಾವಂಶ ಲೈಪ್ಸಿಗ್ಗಿನದೆಂಬುದನ್ನು ಬಲ್ಲವರು ಕಡಮೆ.

ಶಿಷ್ಯರು ಗುರುವಿನ ಮಾತನ್ನು ಹಾಗೆಯೇ ಉಳಿಸಲಿಲ್ಲ. ಇಂಗ್ಲಿಷಿನವರಾದ ಟಿಚನರ್ ೧೮೯೨ರಲ್ಲಿ ಪದವಿ ಪಡೆದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರಜ್ಞೆಯನ್ನು ಸಂವೇದನೆಗಳೆಂಬ ಮೂಲಾಂಶಗಳಾಗಿ ಬಿಡಿಸಿ ಎಣಿಸುವ ರಚನಾವಾದವನ್ನು ಕಟ್ಟಿದರು. ಗುರುಗಳ ಮಹಾಗ್ರಂಥದ ಮೂರನೆಯ ಆವೃತ್ತಿಯನ್ನು ಅವರು ಅನುವಾದಿಸಿ ಮುಗಿಸುವಷ್ಟರಲ್ಲಿ ನಾಲ್ಕನೆಯದು 
ಬಂದಿತೆಂದೂ, ಅದನ್ನು ಅನುವಾದಿಸುವಷ್ಟರಲ್ಲಿ ಐದನೆಯದು ಬಂದಿತೆಂದೂ ಹೇಳುತ್ತಾರೆ. ಜೇಮ್ಸರ ಮಾರ್ಗದವರು ಮನಸ್ಸು ಯಾವುದರಿಂದಾಗಿದೆ ಎಂಬುದಕ್ಕಿಂತ ಬಾಳಿನಲ್ಲಿ ಅದು ಮಾಡುವ ಕೆಲಸವೇನು ಎಂದು ಕೇಳುವ ಕಾರ್ಯವಾದವನ್ನು ಹಿಡಿದರು. ವುಂಟರಲ್ಲಿ ಸಹಾಯಕರಾಗಿದ್ದ ಕ್ಯುಲ್ಪೆ ವ್ಯೂರ್ಟ್ಸ್‌ಬರ್ಗಿನಲ್ಲಿ ಬೇರೆ ಪೀಠ ಸ್ಥಾಪಿಸಿ, ಜಟಿಲವಾದ ಆಲೋಚನೆಗಳನ್ನೇ ಪ್ರಯೋಗಕ್ಕೆ ತಂದರು. ಅಲ್ಲಿಯ ತರುಣರು ಕಠಿಣವಾದ ಪ್ರಶ್ನೆಯನ್ನು ಕೇಳಿ, ಉತ್ತರ ಹೊಳೆದ ಮೇಲೆ ಮನಸ್ಸಿನಲ್ಲಿ ನಡೆದುದನ್ನೆಲ್ಲ ವಿವರಿಸೆನ್ನುತ್ತಿದ್ದರು. ಇದು ತಮ್ಮ ನಿಯಮಗಳಲ್ಲಿ ಒಂದನ್ನೂ ಪಾಲಿಸದ ಹುಸಿಪ್ರಯೋಗವೆಂದು ವುಂಟರು ೧೯೦೭ರಲ್ಲಿ ಕಟುವಾಗಿ ಟೀಕಿಸಿದರು. ೧೯೧೨ರಲ್ಲಿ ವರ್ಟ್‌ಹೈಮರರಿಂದ ಮೊದಲಾದ ಗೆಸ್ಟಾಲ್ಟ್ ಪಂಥವು ಅಂಶಗಳಿಗಿಂತ ಅಖಂಡವೇ ಮೊದಲೆಂದಿತು. ೧೯೧೩ರಲ್ಲಿ ಅಮೆರಿಕದ ವಾಟ್ಸನ್ ಅಂತರವಲೋಕನವನ್ನೇ ಹೊರಗೆ ಹಾಕಿ, ಕಣ್ಣಿಗೆ ಕಾಣುವ ವರ್ತನೆಯಷ್ಟೇ ವಿಜ್ಞಾನದ ವಸ್ತುವೆಂದು ಸಾರಿದರು. ವಿಯೆನ್ನಾದ ಫ್ರಾಯ್ಡರ ಮನೋವಿಶ್ಲೇಷಣೆ ಪ್ರಯೋಗಶಾಲೆಯ ಹಂಗಿಲ್ಲದೆ ಬೇರೆಯೇ ದಾರಿಯಲ್ಲಿ ಬೆಳೆಯಿತು. ಹೀಗೆ ಒಂದೊಂದು ಪಂಥವೂ ವುಂಟರನ್ನು ಪೂರ್ವಪಕ್ಷವಾಗಿ ಇರಿಸಿಕೊಂಡೇ ತನ್ನ ಸಿದ್ಧಾಂತವನ್ನು ಹೇಳಿತು.

ಇದರಲ್ಲಿ ಅವರಿಗೆ ಒಂದು ಅನ್ಯಾಯವೂ ಆಯಿತು. ಟಿಚನರರ ರಚನಾವಾದವೇ ವುಂಟರ ಮತವೆಂದು ಇಂಗ್ಲಿಷ್ ಪಠ್ಯಪುಸ್ತಕಗಳು ಬಹುಕಾಲ ಬರೆದವು. ವುಂಟರು ತಮ್ಮ ಮತವನ್ನು ಸಂಕಲ್ಪವಾದವೆಂದು ಕರೆದುಕೊಂಡಿದ್ದರು. ಮನಸ್ಸು ಇಂದ್ರಿಯಗಳು ತಂದುದನ್ನು ಸುಮ್ಮನೆ ತುಂಬಿಕೊಳ್ಳುವ ಪಾತ್ರೆಯಲ್ಲ. ಅವಧಾನದಿಂದ ಆರಿಸಿ, ಹೊಂದಿಸಿ, ಅಂಶಗಳಲ್ಲಿಲ್ಲದ ಹೊಸ ಗುಣವನ್ನು ಸೃಜಿಸುವ ಕ್ರಿಯೆಯೇ ಮನಸ್ಸು ಎಂಬುದು ಅವರ ಅಭಿಮತ. ಲೈಬ್ನಿಟ್ಸ್ ಬಳಸಿದ್ದ ಅಪರ್ಸೆಪ್ಷನ್ ಎಂಬ ಮಾತನ್ನು, ಕನ್ನಡದಲ್ಲಿ ಅವಧಾನಗ್ರಹಣವೆನ್ನಬಹುದಾದುದನ್ನು, ಅವರು ತಮ್ಮ ದರ್ಶನದ ನಡುವೆ ಇರಿಸಿದ್ದು ಇದಕ್ಕಾಗಿಯೇ. ಬ್ಲೂಮೆಂತಾಲ್, ಡಾನ್ಸಿಗರ್ ಮುಂತಾದ ವಿದ್ವಾಂಸರು ೧೯೭೦ರ ದಶಕದಲ್ಲಿ ಮೂಲಗ್ರಂಥಗಳನ್ನು ಮತ್ತೆ ಓದಿ ಈ ತಪ್ಪನ್ನು ತೋರಿಸಿಕೊಟ್ಟರು. ಪ್ರಯೋಗಶಾಲೆಯ ನೂರನೆಯ ವರ್ಷದ ನೆನಪಿಗೆ ಅಂತರರಾಷ್ಟ್ರೀಯ ಮನಶ್ಶಾಸ್ತ್ರ ಸಮ್ಮೇಳನವು ೧೯೮೦ರಲ್ಲಿ ಲೈಪ್ಸಿಗ್ಗಿನಲ್ಲಿಯೇ ಸೇರಿತು.

ಇನ್ನೂ ದೊಡ್ಡ ಮರೆವೆಂದರೆ ಅವರ ಬಾಳಿನ ಉತ್ತರಾರ್ಧದ್ದು. ಪ್ರಯೋಗದಿಂದ ಸಂವೇದನೆ, ಅವಧಾನ, ಭಾವನೆಗಳ ಮೊದಲ ಮೆಟ್ಟಿಲುಗಳನ್ನು ಮಾತ್ರ ತಿಳಿಯಬಹುದು. ಚಿಂತನೆಯಂತಹ ಉನ್ನತವ್ಯಾಪಾರಗಳು ಒಬ್ಬನ ತಲೆಯೊಳಗೆ ಮುಗಿಯುವುವಲ್ಲ, ಅವು ಭಾಷೆ, ಪುರಾಣ, ಆಚಾರ, ಕಲೆ, ಧರ್ಮ, ಕಾನೂನುಗಳಲ್ಲಿ ಜನಸಮುದಾಯದಿಂದ ರೂಪುಗೊಂಡಿವೆ ಎಂದು ಅವರು ತರುಣರಾಗಿದ್ದಾಗಲೇ ಬರೆದಿದ್ದರು. ಆ ಶೋಧನೆಗೆ ೧೯೦೦ರಿಂದ ೧೯೨೦ರವರೆಗೆ ಹತ್ತು ಸಂಪುಟಗಳನ್ನು ಬರೆದರು. ಮೊದಲ ಭಾಗ ಭಾಷೆಯನ್ನು ಕುರಿತದ್ದು. ಪದಗಳನ್ನು ಜೋಡಿಸಿದರೆ ವಾಕ್ಯವಾಗುವುದಿಲ್ಲ, ಅಖಂಡವಾಗಿ ಹೊಳೆದ ಭಾವವನ್ನು ಬಿಡಿಸಿದಾಗ ಪದಗಳು ತೋರುತ್ತವೆ ಎಂಬ ಅವರ ನಿಲುವನ್ನು ನೋಡಿದರೆ ವಾಕ್ಯಪದೀಯವನ್ನು ಓದಿದವರಿಗೆ ಭರ್ತೃಹರಿಯ ಅಖಂಡವಾಕ್ಯಪಕ್ಷ ಕಣ್ಣಮುಂದೆ ನಿಲ್ಲುತ್ತದೆ. ಪ್ರಯೋಗಶಾಲೆಯ ಸಂಸ್ಥಾಪಕನೇ ಪ್ರಯೋಗಶಾಲೆಯ ಎಲ್ಲೆಯನ್ನು ಗುರುತಿಸಿದ್ದು ಆ ಬಾಳಿನ ಅತ್ಯಂತ ಗೌರವಾರ್ಹವಾದ ಅಂಶ. ಆದರೆ ಆ ಹತ್ತು ಸಂಪುಟಗಳನ್ನು ಓದಿದವರು ವಿರಳ.

ದಿನಚರಿಯಲ್ಲಿ ಅವರು ಗಡಿಯಾರದಷ್ಟೇ ಕಟ್ಟುನಿಟ್ಟು. ಬೆಳಗ್ಗೆ ಬರವಣಿಗೆ, ಮಧ್ಯಾಹ್ನ ಪ್ರಯೋಗಶಾಲೆ, ವಾಯುವಿಹಾರ, ಸಂಜೆಯ ಹೊತ್ತಿಗೆ ಉಪನ್ಯಾಸ. ಕಪ್ಪು ಉಡುಪಿನಲ್ಲಿ ಬಂದು, ಟಿಪ್ಪಣಿಯ ಚೀಟಿಯೂ ಇಲ್ಲದೆ ನೂರಾರು ಶ್ರೋತೃಗಳ ಮುಂದೆ ನಿಂತು ಮಾತನಾಡುತ್ತಿದ್ದರು. ೧೮೮೯-೯೦ರಲ್ಲಿ ವಿಶ್ವವಿದ್ಯಾಲಯದ ರೆಕ್ಟರರೂ ಆಗಿದ್ದರು. ಅಮೆರಿಕದ ಇತಿಹಾಸಕಾರ ಬೋರಿಂಗ್ ಅವರು ಬರೆದುದೆಲ್ಲವನ್ನೂ ಲೆಕ್ಕಹಾಕಿ ಐವತ್ತಮೂರು ಸಾವಿರಕ್ಕೂ ಮಿಕ್ಕ ಪುಟಗಳೆಂದು ಹೇಳಿದ್ದಾರೆ. ಅರುವತ್ತೆಂಟು ವರ್ಷಗಳ ಕಾಲ ದಿನಕ್ಕೆ ಎರಡು ಪುಟಗಳಿಗೂ ಹೆಚ್ಚೆಂದಾಯಿತು. ಮುಪ್ಪಿನಲ್ಲಿ ಕಣ್ಣು ಮಂಜಾದಾಗ ಹಿರಿಯ ಮಗಳು ಎಲಿಯೊನೋರೆ ಓದಿ ಹೇಳಿ, ಬರೆದು, ತಂದೆಗೆ ಕಣ್ಣಾದಳು. ಮಗ ಮಾಕ್ಸ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದನು. ಕಿರಿಯ ಮಗಳು ಲೂಯಿಸೆ ಬಾಲ್ಯದಲ್ಲಿಯೇ ತೀರಿಹೋಗಿದ್ದಳು.

ಆ ಶುಭ್ರವಾದ ಬಾಳಿನಲ್ಲಿ ಒಂದು ಕಲೆಯನ್ನು ಮರೆಮಾಚಬಾರದು. ೧೯೧೪ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ, ಬೆಲ್ಜಿಯಮ್ಮಿನಲ್ಲಿ ಜರ್ಮನ್ ಸೇನೆ ಎಸಗಿದ ಕೃತ್ಯಗಳನ್ನು ಅಲ್ಲಗಳೆಯುವ ಪ್ರಕಟಣೆಯೊಂದಕ್ಕೆ ಜರ್ಮನಿಯ ೯೩ ಮಂದಿ ಪಂಡಿತರು ಸಹಿ ಹಾಕಿದರು. ಅವರಲ್ಲಿ ವುಂಟರೂ ಒಬ್ಬರು. ಸ್ಲೇಡನ ಮುಂದೆ ಕುಳಿತು, ತಾನು ಸ್ವತಃ ಪರೀಕ್ಷಿಸದ ವಿಷಯದಲ್ಲಿ ಪಂಡಿತನ ಕೀರ್ತಿ ಪ್ರಮಾಣವಲ್ಲವೆಂದು ವಾದಿಸಿದ್ದವರು, ಎಂಬತ್ತೆರಡರ ಮುಪ್ಪಿನಲ್ಲಿ ತಾವು ಕಾಣದ ರಣಭೂಮಿಗೆ ತಮ್ಮ ಕೀರ್ತಿಯನ್ನು ಸಾಕ್ಷಿಯಾಗಿ ಕೊಟ್ಟರು. ಯುದ್ಧವು ಆ ದೇಶದ ಬಹುಮಂದಿ ವಿವೇಕಿಗಳನ್ನು ಹೀಗೆಯೇ ಸೆಳೆದುಕೊಂಡಿತೆಂದು ಹೇಳಬಹುದಾದರೂ, ವುಂಟರ ವಿಷಯದಲ್ಲಿ ಅದು ಸಾಲದ ಸಮಾಧಾನ.

೧೯೧೭ರಲ್ಲಿ ಅವರು ಪೀಠದಿಂದ ನಿವೃತ್ತರಾದರು. ಶಿಷ್ಯ ಫೆಲಿಕ್ಸ್ ಕ್ರ್ಯೂಗರ್ ಆ ಸ್ಥಾನಕ್ಕೆ ಬಂದರು. ೧೯೨೦ರಲ್ಲಿ ಸಮುದಾಯ ಮನಶ್ಶಾಸ್ತ್ರದ ಹತ್ತನೆಯ ಸಂಪುಟ ಮುಗಿಯಿತು, ಆತ್ಮಚರಿತ್ರೆಯೂ ಮುಗಿಯಿತು. ಅದೇ ವರ್ಷದ ಆಗಸ್ಟ್ ೩೧ರಂದು, ಎಂಬತ್ತೆಂಟು ತುಂಬಿ ಹದಿನೈದು ದಿನ ಕಳೆದಿರಲಾಗಿ, ಲೈಪ್ಸಿಗ್ಗಿನ ಹತ್ತಿರದ ಗ್ರೋಸ್‌ಬೋಥೆನ್ ಎಂಬ ಹಳ್ಳಿಯ ಮನೆಯಲ್ಲಿ ಕಣ್ಣುಮುಚ್ಚಿದರು. ಯುದ್ಧಾನಂತರದ ಹಣದುಬ್ಬರದ ಆ ದಿನಗಳಲ್ಲಿ ಅವರ ಗ್ರಂಥಭಂಡಾರದ ಬಹುಭಾಗವನ್ನು ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯ ಕೊಂಡುಕೊಂಡಿತು. ಅವರ ಪ್ರಯೋಗಶಾಲೆಯ ಕಟ್ಟಡವು ೧೯೪೩ರ ಡಿಸೆಂಬರಿನಲ್ಲಿ, ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಸಮುದ್ರ ದಾಟಿ ಹೋದ ಆ ಪುಸ್ತಕಗಳು ಮಾತ್ರ ಉಳಿದುಕೊಂಡವು.